ಹಚ್ಚೀರೇನು ಎಂದು ಕೇಳಿದ್ದೆ

ಶಿವಮೊಗ್ಗಕ್ಕೆ ಬಂದ ಹೊಸದರಲ್ಲಿ ಇಬ್ಬರು ನನಗೆ ಮನೆ ಕೊಡಲು ಒಪ್ಪಲಿಲ್ಲ. ಒಬ್ಬರು, ನಾನು ಮಾಂಸದ ಒಡನಾಟದವಳೆಂಬ ಕಾರಣಕ್ಕೆ; ಇನ್ನೊಬ್ಬರು, ನಾನು ಮಾಂಸ ತಿನ್ನದವಳೆಂಬ ಕಾರಣಕ್ಕೆ. ಎರಡೂ ನಿರಾಕರಣೆಗಳು ಒಂದೇ ಮಧ್ಯಾಹ್ನ, ಒಂದೇ ಬೀದಿಯ ಎದುರುಬದುರು ಮನೆಗಳಲ್ಲಿ, ನಡುವೆ ಒಂದು ಲೋಟ ನೀರು ಕುಡಿಯುವಷ್ಟೂ ಬಿಡುವಿಲ್ಲದಂತೆ ನಡೆದವು. ನೀರನ್ನು ಯಾರೂ ಕೊಡಲೂ ಇಲ್ಲ.

ಮೊದಲನೆಯ ಮನೆಯ ಯಜಮಾನರು ನನ್ನ ಬಿಳಿಕೂದಲನ್ನು ನೋಡಿ ಕುರ್ಚಿ ಕೊಟ್ಟರು. ಕೆಲಸ ಏನೆಂದು ತಿಳಿದ ಮೇಲೆ ಆ ಕುರ್ಚಿಯನ್ನು ಮರಳಿ ಪಡೆಯುವವರಂತೆ ಎದ್ದು ನಿಂತರು. "ಹಂದಿ ಮಾಂಸದಾಗ ವೈರಸ್ ಐತೇನು ಅಂತ ಪರೀಕ್ಷಾ ಮಾಡೋದ್ರಿ," ಎಂದಿದ್ದೆ. "ಅಯ್ಯೋ ಮೇಡಂ, ನಮ್ಮನೇಲಿ ಬೆಳ್ಳುಳ್ಳಿ ತರ್ಬೇಕಾದ್ರೂ ಅಮ್ಮನ್ನ ಕೇಳಿ ತರ್ತೀವಿ," ಎಂದರು. ಎದುರುಮನೆಯಾಕೆ ನನ್ನ ಕೆಲಸಕ್ಕೆ ಹೆದರಲಿಲ್ಲ, ಊಟಕ್ಕೆ ಹೆದರಿದಳು. "ನೀವು ತಿನ್ನಲ್ವಾ? ಹಾಗಾದ್ರೆ ಕಷ್ಟ. ನಮ್ಮನೇಲಿ ಭಾನುವಾರ ಕೋಳಿ, ನಡುವೆ ಮೀನು. ನೀವು ಮೇಲೆ ಮೂಗು ಮುಚ್ಕೊಂಡು ಕೂತಿದೀರ ಅಂತ ಗೊತ್ತಾದ್ರೆ ನಮಗೆ ತುತ್ತು ಇಳಿಯತ್ತಾ?" ನಾನು ಕಂಡಷ್ಟು ಹಂದಿಯ ಲಿವರನ್ನು ಆ ಬೀದಿಯ ಯಾವ ಮಾಂಸಾಹಾರಿಯೂ ಕಂಡಿರಲಾರರು, ಮೂಗನ್ನು ಒಮ್ಮೆಯೂ ಮುಚ್ಚಿಕೊಂಡವಳಲ್ಲ ಎಂದು ಹೇಳಬೇಕೆನಿಸಿತು. ಇಬ್ಬರ ಮುಖಗಳನ್ನೂ ನೆನಪಿಟ್ಟುಕೊಂಡಿದ್ದೇನೆ.

ಗದುಗಿನ ಓದುಗರಲ್ಲಿ ಅನೇಕರಿಗೆ ನನ್ನ ಪರಿಚಯವಿದೆ. ಇಲ್ಲದವರಿಗೆ ಎರಡು ಮಾತು. ಪಶುವೈದ್ಯ ವಿದ್ಯಾರ್ಥಿಗಳಿಗೆ ಸೂಕ್ಷ್ಮಜೀವಿಗಳ ಪಾಠ ಹೇಳುತ್ತ, ಮಾಂಸದಲ್ಲಿ ಅಡಗುವ ರೋಗಾಣುಗಳನ್ನು ಹುಡುಕುತ್ತ ಸೇವೆಯನ್ನು ಮುಗಿಸಿದವಳು ನಾನು. ಮದುವೆಯಾಗಲಿಲ್ಲ, ಆಗಬೇಕೆನಿಸಲಿಲ್ಲ. ನಿವೃತ್ತಿಯ ಬಳಿಕ ನಮ್ಮೂರು ನನ್ನನ್ನು ಕರೆಯುತ್ತಿದ್ದುದು ಒಂದೇ ಕೆಲಸಕ್ಕೆ. "ದೀಪಾ ಹಚ್ಚಾಕ ಬರ್ರಿ ಮೇಡಂ," ಎನ್ನುತ್ತಿದ್ದರು. ದೀಪ ಹಚ್ಚಿ ನಾನು ಕುರ್ಚಿಗೆ ಮರಳುವುದು, ನನ್ನ ಕೈಯಲ್ಲಿ ಓದಿದವರು ಎದ್ದು ಮಾತನಾಡುವುದು, ನಾನು ಕೇಳುವುದು. ಒಂದು ಸಭೆಯಲ್ಲಿ ಆಹಾರ ಸುರಕ್ಷೆಯ ಕುರಿತೇ ಮಾತಿತ್ತು. ಅಲ್ಲಿಯೂ ನನಗೆ ಕಡ್ಡಿಪೆಟ್ಟಿಗೆಯನ್ನೇ ಕೊಟ್ಟರು. ಅದನ್ನು ಕೊಟ್ಟವರು ಇದನ್ನು ಓದುತ್ತಿರಬಹುದು. ಓದಲಿ.

ಆ ದಿನಗಳಲ್ಲಿಯೇ ನನ್ನ ಹಳೆಯ ವಿದ್ಯಾರ್ಥಿ ಪ್ರಶಾಂತ ಶಿವಮೊಗ್ಗದಿಂದ ಫೋನು ಮಾಡಿದ. ಕೋಟೆಯ ಹಿಂಬದಿಯಲ್ಲಿ ಚಿಕ್ಕದೊಂದು ಪ್ರಯೋಗಾಲಯ ತೆರೆದಿದ್ದ. ಮಾಂಸದ ಪದಾರ್ಥಗಳಲ್ಲಿ ವೈರಸ್ ಇದೆಯೇ ಎಂಬುದನ್ನು ದಿನಗಟ್ಟಲೆ ಕಾಯಿಸದೆ, ಬೆಳಗ್ಗೆ ತಂದ ಮಾದರಿಗೆ ಮಧ್ಯಾಹ್ನದೊಳಗೆ ಉತ್ತರ ಕೊಡುವುದು ಅವನ ಉದ್ಯೋಗ. "ನೀವು ಬಂದು ಮೇಲೆ ಕೂತ್ರೆ ಸಾಕು ಮೇಡಂ," ಎಂದ. ಕೂರುವುದಕ್ಕಾಗಿ ನಾನು ಎಲ್ಲಿಗೂ ಹೋಗುವವಳಲ್ಲ, ಕೆಲಸವಿದ್ದರೆ ಬರುತ್ತೇನೆ ಎಂದೆ. ಹೀಗೆ ಬಂದೆ.

ಕೊನೆಗೆ ಮನೆ ಸಿಕ್ಕಿದ್ದು ದುರ್ಗಿಗುಡಿಯಲ್ಲಿ, ಶಾರದಮ್ಮನವರ ಮಹಡಿಯ ಮೇಲೆ. ಸಂಸ್ಕೃತದ ಮೇಷ್ಟರಾಗಿದ್ದವರ ಪತ್ನಿ, ನನ್ನದೇ ವಯಸ್ಸು. ಅವರು ಒಪ್ಪಿದ್ದು ಒಂದು ನಿಬಂಧನೆಯ ಮೇಲೆ: ಮೆಟ್ಟಿಲ ಬುಡದ ನಲ್ಲಿಯಲ್ಲಿ ಕೈಕಾಲು ತೊಳೆದೇ ಮೇಲೇರಬೇಕು. ಕೈ ತೊಳೆಯಬೇಕೆಂದು ಸಾವಿರಾರು ವಿದ್ಯಾರ್ಥಿಗಳಿಗೆ ಹೇಳಿಕೊಟ್ಟವಳಿಗೆ, ಕೈ ತೊಳೆದು ಬನ್ನಿ ಎಂದು ಇನ್ನೊಬ್ಬರು ಹೇಳಿದಾಗ ಹೇಗೆ ಚುಚ್ಚುತ್ತದೆಂಬುದು ಆಗ ತಿಳಿಯಿತು. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಇನ್ನೊಂದು. ಎರಡನೆಯ ದಿನ ನಾನು ನಲ್ಲಿಯನ್ನು ಸರಿಯಾಗಿ ತಿರುಗಿಸದೆ ಹೊರಟಾಗ ಅವರು ಒಳಗಿನಿಂದಲೇ ಕೂಗಿದರು: "ನಲ್ಲಿ ನಿಲ್ಸು ಮಾರಾಯ್ತಿ!" ನಮ್ಮ ಕಡೆ ಈ ಶಬ್ದವಿಲ್ಲ. ಬೈಗುಳವಿರಬೇಕೆಂದು ತಿಳಿದೆ. ತಿಂಗಳೊಪ್ಪತ್ತು ಅವರೊಡನೆ ಹೂಂ, ಉಹೂಂಗಳಾಚೆ ಮಾತನಾಡಲಿಲ್ಲ. ಇಲ್ಲಿ ಬೇಸರಕ್ಕೂ ಸಲುಗೆಗೂ, ಅಚ್ಚರಿಗೂ ಅಕ್ಕರೆಗೂ ಒಂದೇ 'ಮಾರಾಯ್ತಿ', ಗಂಡಸರಿಗಾದರೆ 'ಮಾರಾಯ' ಎಂದು ಪ್ರಶಾಂತನೇ ಬಿಡಿಸಿ ಹೇಳಬೇಕಾಯಿತು.

ಕನ್ನಡದಿಂದ ಕನ್ನಡಕ್ಕೆ ವಲಸೆ ಬಂದವರ ಸಂಕಟವನ್ನು ಯಾರೂ ಸಂಕಟವೆಂದು ಎಣಿಸುವುದಿಲ್ಲ. ತಮಿಳುನಾಡಿಗೆ ಹೋಗಿದ್ದರೆ ತಮಿಳು ಕಲಿಯಬೇಕೆಂಬ ಎಚ್ಚರವಾದರೂ ಇರುತ್ತಿತ್ತು. ಇಲ್ಲಿ ಎಲ್ಲ ಶಬ್ದಗಳೂ ನನ್ನವೇ, ಅರ್ಥಗಳು ಮಾತ್ರ ಮನೆ ಬದಲಾಯಿಸಿವೆ. ಶಾರದಮ್ಮ ಒಂದು ದಿನ ಪಾತ್ರೆ ಹಿಡಿದು ಬಂದು "ಹುಳಿ ತಂದಿದೀನಿ" ಎಂದರು. ಹುಣಸೆಹಣ್ಣನ್ನು ನಾನೇನು ಮಾಡಲಿ ಎಂದು ಮುಚ್ಚಳ ತೆರೆದರೆ, ತೊಗರಿಬೇಳೆಗೆ ತರಕಾರಿ ಹಾಕಿ ಕುದಿಸಿದ ಪದಾರ್ಥ. ನಮ್ಮಲ್ಲಿ ಓಣಿ ಇರುವಲ್ಲಿ ಇಲ್ಲಿ ಕ್ರಾಸ್. ನಾನು 'ಚಲೋ ಐತ್ರಿ' ಎಂದರೆ ತರಕಾರಿಯವನು "ಎಲ್ಲಿಗೆ ಹೊರಟ್ರಿ?" ಎನ್ನುತ್ತಾನೆ, ಸಂತೆಯ ಉರ್ದುವಿನಲ್ಲಿ ಅದು ಹೊರಡುವ ಮಾತು. ಜೋಳದ ಹಿಟ್ಟು ಇಲ್ಲಿಯೂ ಸಿಗುತ್ತದೆ, ಆದರೆ ಬಡಿದ ರೊಟ್ಟಿ ಅಂಚಿನಲ್ಲಿ ಸೀಳುತ್ತದೆ. ಹಿಟ್ಟು ಹಳೆಯದು ಎಂದು ಅಂಗಡಿಯವನಿಗೆ ಹೇಳಿದೆ. "ಹಿಟ್ಟು ಹೊಸಾದೇ ಅಮ್ಮ, ನಿಮ್ಮ ಕೈ ಊರು ಬಿಟ್ಟಿದೆ," ಎಂದ. ಅಂಗಡಿಯನ್ನು ಬದಲಿಸಿದೆ.

ಒಂಟಿತನದ ಬಗ್ಗೆ ಬರೆಯಬೇಕೆಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ನಾನು ಊರಲ್ಲಿಯೂ ಒಂಟಿಯೇ ಇದ್ದವಳು. ಆದರೆ ಅಲ್ಲಿನ ಒಂಟಿತನ ಗೊತ್ತಿದ್ದವರ ನಡುವಿನದು. ನಾನು ಸಿಟ್ಟಾದರೆ ಏಕೆ ಸಿಟ್ಟಾದೆನೆಂದು ಅಲ್ಲಿ ನಾಲ್ಕು ಜನಕ್ಕೆ ತಿಳಿಯುತ್ತಿತ್ತು. ಇಲ್ಲಿ ಸಿಟ್ಟಿಗೂ ಅನುವಾದ ಬೇಕು. ಮೊದಲ ವಾರ ಆಟೋದವನೊಬ್ಬ ನನ್ನ ಕೈಯ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಏನಿದೆಯೆಂದು ಕೇಳಿದ. ಪರೀಕ್ಷೆಗೆ ಮಾಂಸ ಎಂದೆ. "ತ್ಯಾವರೆಕೊಪ್ಪಕ್ಕಾ? ಹುಲೀಗೆ ಟೆಸ್ಟ್ ಮಾಡಿ ಹಾಕ್ತಾರಾ ಈಗ? ನಮಗೇ ಯಾರೂ ಮಾಡಲ್ಲ ಮಾರಾಯ್ರೇ!" ಎಂದು ದಾರಿಯುದ್ದಕ್ಕೂ ನಕ್ಕ. ತ್ಯಾವರೆಕೊಪ್ಪದಲ್ಲಿ ಹುಲಿ, ಸಿಂಹಗಳ ಧಾಮವಿದೆ. ನಗೆಯೊಳಗೆ ನ್ಯಾಯವಿದ್ದ ಮಾತು ಅದು. ಆದರೂ ನಕ್ಕದ್ದು ನಕ್ಕದ್ದೇ.

ಇನ್ನು ಕೆಲಸದ ಮಾತು. ಹಂದಿಯ ಲಿವರಿನಲ್ಲಿ ಹೆಪಟೈಟಿಸ್ ಇ ಎಂಬ ವೈರಸ್ ಇರಬಹುದು. ಹಂದಿ ಕಾಯಿಲೆ ಬಿದ್ದಂತೆ ಕಾಣುವುದಿಲ್ಲ. ಮಾಂಸದಿಂದ ಕೆಟ್ಟ ವಾಸನೆ ಬರುವುದಿಲ್ಲ. ಅರೆಬೆಂದದ್ದನ್ನು ತಿಂದ ಮನುಷ್ಯನಿಗೆ ವಾರಗಳ ಮೇಲೆ ಕಾಮಾಲೆ ಬರಬಹುದು. ನಮ್ಮ ಕಡೆಯವರು ಕಾಮಣಿ ಎನ್ನುವುದು ಇದನ್ನೇ. ಅದನ್ನು ಬೇಗ ಹುಡುಕುವ ಒಂದು ವಿಧಾನ ಬಣ್ಣದ್ದು. ಬೆರಳ ತುದಿಯಷ್ಟರ ಪ್ಲಾಸ್ಟಿಕ್ ಕೊಳವೆಯಲ್ಲಿ ಗುಲಾಬಿ ಬಣ್ಣದ ದ್ರವ. ಅದಕ್ಕೆ ಮಾಂಸದಿಂದ ತೆಗೆದ ರಸದ ಹನಿಯನ್ನು ಹಾಕಿ ಬಿಸಿಯ ಪೆಟ್ಟಿಗೆಯೊಳಗೆ ಇಟ್ಟರೆ, ವೈರಸ್ಸಿನ ವಂಶತಂತು ಇದ್ದಲ್ಲಿ ಅದರ ಪ್ರತಿಗಳು ಬೆಳೆಯುತ್ತವೆ. ಬೆಳೆಯುವಾಗ ದ್ರವ ತುಸು ಆಮ್ಲವಾಗುತ್ತದೆ, ಗುಲಾಬಿ ಹಳದಿಯಾಗುತ್ತದೆ. ಇಲ್ಲದಿದ್ದರೆ ಗುಲಾಬಿ ಗುಲಾಬಿಯಾಗಿಯೇ ಉಳಿಯುತ್ತದೆ. ಅರ್ಧ ಗಂಟೆಯ ಕೆಲಸ. ಆದರೆ ಅದಕ್ಕೆ ಮೊದಲು ರಸವನ್ನು ಶುದ್ಧಗೊಳಿಸಿ, ವಂಶತಂತುವನ್ನಷ್ಟೇ ಬೇರ್ಪಡಿಸುವ ಹಂತವೊಂದಿದೆ. ಅದಕ್ಕೆ ಹೊತ್ತು ಹಿಡಿಯುತ್ತದೆ. ಪ್ರಶಾಂತ ಆ ಹಂತವನ್ನು ಬಿಟ್ಟಿದ್ದ. ಕೂಡದು ಎಂದೆ. "ಮೇಡಂ, ರ‍್ಯಾಪಿಡ್ ಅಂದ್ರೆ ರ‍್ಯಾಪಿಡ್. ನಿಮ್ಮ ಕಾಲದ ಹಾಗೆ ಎರಡು ದಿನ ತಗೊಂಡ್ರೆ ಲಿವರ್ ಫ್ರೈ ಆಗಿ ಹೊಟ್ಟೆ ಸೇರಿರತ್ತೆ," ಎಂದ. ನಿಮ್ಮ ಕಾಲ! ಆ ಕಾಲದಲ್ಲಿಯೇ ಅವನು ಪಾಸಾದದ್ದು.

ಭದ್ರಾವತಿಯ ಸೆಲ್ವಿ ನಮ್ಮ ಹೊಸ ಗಿರಾಕಿ. ಕಾರ್ಖಾನೆಯ ಹಳೆಯ ಕ್ವಾರ್ಟರ್ಸಿನ ಹಿಂದೆ ಎರಡು ಕೋಣೆಯ ಘಟಕ. ಹಂದಿ ಮಾಂಸವನ್ನೂ ಲಿವರನ್ನೂ ಪ್ಯಾಕ್ ಮಾಡಿ ಮಾರುತ್ತಾಳೆ. ಅಪ್ಪ ಕಾರ್ಖಾನೆಯ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದವನಂತೆ. ಇವಳು ಹುಟ್ಟಿದ್ದು, ಮದುವೆಯಾದದ್ದು ಎಲ್ಲ ಇಲ್ಲಿಯೇ. ಕಾರ್ಖಾನೆಯಲ್ಲಿ ಗಂಡನ ಕೆಲಸ ನಿಂತ ಮೇಲೆ ಮನೆ ನಡೆಯುವುದು ಈ ಎರಡು ಕೋಣೆಯಿಂದ. ಒಬ್ಬ ಸಗಟು ವ್ಯಾಪಾರಿ ಪ್ರತಿ ವಾರ ಮಾಲು ಎತ್ತಲು ಒಪ್ಪಿದ್ದ, ವೈರಸ್ ಪರೀಕ್ಷೆಯ ವರದಿ ಇದ್ದರೆ ಮಾತ್ರ. ಮಾದರಿ ತರಲು ಬಸ್ಸಿನಲ್ಲಿ ನಾನೇ ಹೋದೆ. ಗಡಸು ಹೆಂಗಸು, ಮಾತು ಇನ್ನೂ ಗಡಸು. ಲಿವರಿನ ಚೀಲವನ್ನು ಕೈಗಿಡುವಾಗ, ಮೇಲಿನಿಂದ ಏನಾದರೂ ಮಸಾಲೆ, ರಾಸಾಯನಿಕ ಸವರಿದ್ದಾರೆಯೇ ಎಂಬುದನ್ನು ತಿಳಿಯುವುದು ನಿಯಮ. ಚೀಲವನ್ನು ತೋರಿಸಿ ಕೇಳಿದೆ: "ಹಚ್ಚೀರೇನು?"

"ಇಲ್ಲಮ್ಮಾ, ಹಚ್ಚಿಲ್ಲ. ಹಂಗೇ ಇದೆ ನೋಡಿ," ಎಂದಳು.

"ಒಂಚೂರೂ ಹಚ್ಚಿಲ್ಲೇನು?"

"ಐಯೋ, ಹಚ್ಚಿದ್ರೆ ಕಾಣ್ಸಲ್ವಾ? ಕಣ್ಣಿಗೆ ಕನ್ನಡಕ ಯಾಕೆ ಹಾಕಿದೀರಿ?"

ಕನ್ನಡಕದ ಮಾತನ್ನು ಮನಸ್ಸಿನಲ್ಲಿ ಒಂದು ಕಡೆ ಇಟ್ಟುಕೊಂಡು, 'ಏನನ್ನೂ ಹಚ್ಚಿಲ್ಲ' ಎಂದು ಪೆಟ್ಟಿಗೆಯ ಮೇಲೆ ಬರೆದು ತಂದೆ. ಪ್ರಶಾಂತನಿಗೆ ಒಪ್ಪಿಸಿ, ಬಸ್ಸಿನ ಕುಲುಕಾಟಕ್ಕೆ ಸೊಂಟ ಹಿಡಿದಿದ್ದರಿಂದ ಮನೆಗೆ ಹೋದೆ.

ಮರುದಿನ ಪ್ರಯೋಗಾಲಯಕ್ಕೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸೆಲ್ವಿಯ ಮಾದರಿಗಳೆಲ್ಲ ಹಳದಿ. ಆ ಕೊಳವೆಗಳ ಫೋಟೋವನ್ನು ಪ್ರಶಾಂತ ವ್ಯಾಪಾರಿಗೆ ಕಳುಹಿಸಿಯೂ ಆಗಿತ್ತು. ವ್ಯಾಪಾರಿ ಮಾಲು ಬೇಡವೆಂದೂ ಆಗಿತ್ತು. ನನ್ನ ಸಹಿಯ ಜಾಗವೊಂದು ಖಾಲಿಯಿತ್ತು, ಔಪಚಾರಿಕತೆಗೆಂಬಂತೆ. ಬೆಳಕಿಗೆ ಹಿಡಿದು ನೋಡಿದೆ. ನನಗೆ ಆ ಬಣ್ಣ ಹಿಡಿಸಲಿಲ್ಲ. ಕಾಯಿಲೆಯಿದ್ದರೆ ಒಂದರಲ್ಲಿ ಹೆಚ್ಚು, ಒಂದರಲ್ಲಿ ಕಡಿಮೆ, ಒಂದೆರಡರಲ್ಲಿ ಇಲ್ಲ, ಹೀಗಿರುತ್ತದೆ. ಬೇರೆ ಬೇರೆ ಹಂದಿಗಳು ಒಂದೇ ಸಮನಾಗಿ, ಒಂದೇ ಡಬ್ಬಿಯ ಬಣ್ಣ ಬಳಿದ ಗೋಡೆಯಂತೆ ಹಳದಿಯಾಗುವುದನ್ನು ನಾನು ಕಂಡಿರಲಿಲ್ಲ. ಅಷ್ಟರಲ್ಲಿ ಸೆಲ್ವಿಯೇ ಬಂದಳು. ಬಾಗಿಲಲ್ಲಿಯೇ ನಿಂತು, ರಸ್ತೆಗೆ ಕೇಳುವಂತೆ ಮಾತಿಗೆ ತೊಡಗಿದಳು.

"ಯಾರದು, ನನ್ನ ಹಂದಿಗೆ ಕಾಮಾಲೆ ಅಂದೋರು? ನಿಮ್ಮ ಟ್ಯೂಬು ಹಳದಿಯಾದ್ರೆ ಟ್ಯೂಬಿಗೆ ಔಷಧಿ ಹಾಕ್ಸಿ! ಆ ಫೋಟೋ ನಮ್ಮ ಕೇರಿಗೆಲ್ಲ ಬಂದಿದೆ, ಬೆಳಗ್ಗೆಯಿಂದ ಒಬ್ರೂ ಮಾಂಸ ಮುಟ್ಟಿಲ್ಲ. ಮಗು ಸ್ಕೂಲಿಗೆ ಹೋದ್ರೆ ನಿಂಗೂ ಕಾಮಾಲೆನಾ, ಕಣ್ಣು ತೋರ್ಸು ಅಂತಾರೆ."

"ಕೂತ್ಕೊಳ್ಳಿ, ಮಾತಾಡೋಣ," ಎಂದ ಪ್ರಶಾಂತ.

"ಕೂತ್ಕೊಳ್ಳೋಕೆ ಬಂದಿಲ್ಲ ಸಾರ್. ಬೇರೆ ವರದಿ ಬರತ್ತಾ ಅಂತ ವ್ಯಾಪಾರಿ ಶನಿವಾರದವರೆಗೆ ಕಾಯ್ತಾನಂತೆ. ಆಮೇಲೆ ಬೇರೆಯೋರ ಹತ್ರ ತಗೋತಾನಂತೆ. ಇದು ನಿಂತ್ರೆ ನಂದು ಬಾಗಿಲು ಹಾಕ್ದಂಗೆ." ನನ್ನ ಕಡೆ ತಿರುಗಿ, "ನೀವೇ ಅಲ್ವಾ ಕೇಳಿ ಕೇಳಿ ಬರ್ಕೊಂಡು ಹೋದೋರು? ಏನು ಬರ್ಕೊಂಡ್ರಿ, ನನ್ನ ಹಣೆಬರಹನಾ?" ಎಂದಳು.

ಅವಳು ಹೋದ ಮೇಲೆ ನಾನು ಮಾಡಿದ್ದು ಅತಿ ಸರಳವಾದ ಕೆಲಸ. ಉಳಿದಿದ್ದ ರಸದ ಒಂದು ಹನಿಯನ್ನು ಹೊಸ ಗುಲಾಬಿ ದ್ರವಕ್ಕೆ ಹಾಕಿದೆ, ಬಿಸಿಪೆಟ್ಟಿಗೆಯೊಳಗೆ ಇಡಲೇ ಇಲ್ಲ. ಕಣ್ಣೆದುರಿಗೇ ಹಳದಿಯಾಯಿತು. ಪ್ರತಿಗಳು ಬೆಳೆಯುವುದಕ್ಕೆ ಬಿಸಿ ಬೇಕು. ಬಿಸಿಯಿಲ್ಲದೆ, ಹನಿ ಬಿದ್ದ ಕೂಡಲೇ ಹಳದಿಯಾದದ್ದು ವೈರಸ್ಸಿನಿಂದಲ್ಲ. ಮಾಂಸದ ರಸವೇ ಆಮ್ಲವಾಗಿತ್ತು. ಪ್ರಶಾಂತ ಬಿಟ್ಟಿದ್ದ ಶುದ್ಧೀಕರಣದ ಹಂತವನ್ನು ಹಿಡಿದು ಮಾಡಿದೆ. ನಿನ್ನೆಯ ಮಾದರಿಗಳೇ, ಶುದ್ಧಗೊಂಡ ಮೇಲೆ ಬಿಸಿಪೆಟ್ಟಿಗೆಯೊಳಗಿನಿಂದ ಗುಲಾಬಿಯಾಗಿಯೇ ಹೊರಬಂದವು. ವೈರಸ್ ಇದೆಯೆಂದು ಗೊತ್ತಿದ್ದ ಹೋಲಿಕೆಯ ಕೊಳವೆ ಹಳದಿಯಾಗಿತ್ತು, ಬರಿಯ ನೀರಿನದು ಗುಲಾಬಿಯಾಗಿತ್ತು; ಅಂದರೆ ಪರೀಕ್ಷೆ ಸರಿಯಾಗಿಯೇ ನಡೆದಿತ್ತು.

"ಆಯ್ತು ಮೇಡಂ," ಎಂದ ಪ್ರಶಾಂತ, ಮುಖ ಇಳಿಸಿ. "ಆದ್ರೆ ವ್ಯಾಪಾರಿಗೆ ಏನು ಹೇಳ್ಲಿ? ನಿನ್ನೆ ಹಳದಿ, ಇವತ್ತು ಗುಲಾಬಿ ಅಂದ್ರೆ ಸೀರೆ ಅಂಗಡಿ ಅಂತಾನೆ. ಮಾಂಸಕ್ಕೆ ಆಮ್ಲ ಎಲ್ಲಿಂದ ಬಂತು? ಆ ಹೆಂಗಸು ಏನೂ ಹಚ್ಚಿಲ್ಲ ಅಂತ ನಿಮ್ಮೆದುರೇ ಹೇಳಿದಾಳೆ. ಅಂದ್ರೆ ಏನೋ ಕಲಬೆರಕೆ ಮಾಡಿ ಸುಳ್ಳು ಹೇಳಿದಾಳೆ. ಸುಳ್ಳು ಹೇಳೋರ ಮಾಲು ಅವನು ಮುಟ್ಟಲ್ಲ."

ಕಾಮಾಲೆಯ ಕಳಂಕದಿಂದ ಬಿಡಿಸಿದ ಹೆಂಗಸು ಸುಳ್ಳಿನ ಕಳಂಕಕ್ಕೆ ಬಿದ್ದಳು, ಅದೂ ನನ್ನ ಸಾಕ್ಷಿಯಿಂದ. ಎರಡು ಬಾರಿ ಕೇಳಿದ್ದೆ. ಎರಡು ಬಾರಿಯೂ ಇಲ್ಲವೆಂದಿದ್ದಳು. ಸುಳ್ಳು ಹೇಳುವವರ ಕಣ್ಣು ನನಗೆ ಗೊತ್ತು, ಪರೀಕ್ಷಾ ಕೊಠಡಿಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ಅವಳ ಕಣ್ಣು ಅಂಥದಲ್ಲ. ಹಾಗಿದ್ದರೆ ಆಮ್ಲ? ಈ ಪ್ರಶ್ನೆಯನ್ನು ತಲೆಯಲ್ಲಿ ಹೊತ್ತು ಮನೆಗೆ ಬಂದವಳು ನಲ್ಲಿಯಲ್ಲಿ ಕೈಕಾಲು ತೊಳೆಯುವುದನ್ನೇ ಮರೆತು ಮೆಟ್ಟಿಲೇರಿದೆ. ಶಾರದಮ್ಮ ನೋಡಿದರು. ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ.

"ಮುಖ ಯಾಕೆ ಹೀಗಾಗಿದೆ ಮಾರಾಯ್ತಿ? ಊಟ ಮಾಡಿಲ್ವಾ? ಮೊಸರನ್ನ ಕಲಸ್ತೀನಿ, ಎರಡು ಸೌತೆಕಾಯಿ ಇದೆ. ಹಚ್ಚಿ ಕೊಡ್ಲಾ?"

ಕಾಲು ಮೆಟ್ಟಿಲ ಮೇಲೆಯೇ ನಿಂತಿತು. ಸೌತೆಕಾಯಿಯನ್ನು ಎಲ್ಲಿಗೆ ಹಚ್ಚುತ್ತೀರಿ, ಹಣೆಗೋ ಎಂದು ಕೇಳುವವಳಿದ್ದೆ. ಕೇಳುವಷ್ಟರಲ್ಲಿ ಅವರ ಕೈಯ ಚಾಕು ಕಂಡಿತು.

"ಶಾರದಮ್ಮಾ, ಹಚ್ಚೋದು ಅಂದ್ರ ಏನ್ರಿ?"

"ಅಂದ್ರೆ? ಹಚ್ಚೋದು. ಹೋಳು ಮಾಡೋದು. ನಿಮ್ಮೂರಲ್ಲಿ ಸೌತೆಕಾಯಿ ಇಡೀದಾಗಿ ನುಂಗ್ತಾರಾ?"

ಪುಸ್ತಕದಲ್ಲಿ 'ಹೆಚ್ಚು' ಎಂದು ನಾನೂ ಓದಿದ್ದೇನೆ. ಬಾಯಲ್ಲಿ ಅದು 'ಹಚ್ಚು' ಆಗುತ್ತದೆಂದು ಇಷ್ಟು ದಿನ ಒಬ್ಬಳೇ ಬೇಯಿಸಿ ಒಬ್ಬಳೇ ಉಣ್ಣುತ್ತಿದ್ದವಳಿಗೆ ಯಾರು ಹೇಳಬೇಕು? ನಮ್ಮಲ್ಲಿ ಎಣ್ಣೆ ಹಚ್ಚುತ್ತಾರೆ, ಸುಣ್ಣ ಹಚ್ಚುತ್ತಾರೆ, ದೀಪ ಹಚ್ಚುತ್ತಾರೆ, ತರಕಾರಿಯನ್ನು ಕೊಯ್ಯುತ್ತಾರೆ. ಎಣ್ಣೆ, ದೀಪ ಇವರಿಗೂ ಗೊತ್ತು. ಆದರೆ ಲಿವರಿನ ಚೀಲವನ್ನು ತೋರಿಸಿ ಬರಿದೇ 'ಹಚ್ಚೀರೇನು' ಎಂದರೆ ಇಲ್ಲಿನ ಹೆಂಗಸಿಗೆ ಕೇಳಿಸುವುದು ಒಂದೇ: ಕತ್ತರಿಸಿದ್ದೀರಾ? ಅವಳು ಕತ್ತರಿಸಿರಲಿಲ್ಲ. ಇಡಿಯಾಗಿತ್ತು. ಕತ್ತರಿಸಿದ್ದರೆ ಕಾಣುತ್ತಿರಲಿಲ್ಲವೇ ಎಂದಳು. ಕನ್ನಡಕದ ಮಾತು ಕೂಡ, ಈಗ ಯೋಚಿಸಿದರೆ, ಅನ್ಯಾಯವಾಗಿರಲಿಲ್ಲ. ಆದರೂ ಒಂದು ಮಾತನ್ನು ದಾಖಲಿಸುತ್ತೇನೆ: ನನ್ನ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಅದು ಶುದ್ಧ ಕನ್ನಡ. ಅವಳ ಉತ್ತರವೂ ಶುದ್ಧ ಕನ್ನಡ. ಎರಡು ಶುದ್ಧಗಳು ಸೇರಿ ಒಂದು ಸಂಸಾರವನ್ನು ಬೀದಿಗೆ ತರಲಿದ್ದವು.

ಶುಕ್ರವಾರ ಬೆಳಗಿನ ಭದ್ರಾವತಿ ಬಸ್ಸಿಗೆ ಪ್ರಶಾಂತನನ್ನೂ ಎಬ್ಬಿಸಿ ಹತ್ತಿಸಿದೆ. ಫೋನು ಮಾಡಿದರೆ ಸಾಲದೇ ಎಂದು ಗೊಣಗಿದ. ಫೋನಿನಲ್ಲಿ ಹಾಳಾದದ್ದನ್ನು ಫೋನಿನಲ್ಲಿ ಸರಿಮಾಡಲಾಗದು ಎಂದೆ. ಸೆಲ್ವಿ ನಮ್ಮನ್ನು ಕಂಡವಳೇ ಕೈ ಸೊಂಟಕ್ಕಿಟ್ಟಳು.

"ಬನ್ನಿ, ಬನ್ನಿ. ಇನ್ನೇನು ಹಳದಿ ಮಾಡೋದು ಬಾಕಿ ಇದೆ? ಗೋಡೆನಾ?"

"ಸೆಲ್ವಿ, ಒಂದು ಮಾತು ಕೇಳ್ತೀನಿ. ಸಿಟ್ಟಾಗಬ್ಯಾಡ," ಎಂದೆ. ಈ ಸಲ ಅವಳ ಕನ್ನಡವನ್ನು ಹುಡುಕಿ ಹುಡುಕಿ ಆಡಿದೆ. "ಲಿವರಿಗೆ ಏನಾದ್ರೂ ಹಾಕ್ತೀರಾ? ನೆನೆಸ್ತೀರಾ? ಸವರ್ತೀರಾ?"

"ಆಮಾ," ಎಂದಳು, ಹೌದೆಂಬುದಕ್ಕೆ ತಮಿಳಿನಲ್ಲಿ. "ವಾಟೆಹುಳಿ ನೀರಲ್ಲಿ ಅದ್ದಿ ತೆಗೀತೀವಿ. ವಾಸನೆ ಹೋಗತ್ತೆ. ತೀರ್ಥಹಳ್ಳಿ ಕಡೆ ಅಕ್ಕ ಒಬ್ರು ಪಕ್ಕದ ಮನೇಲಿದ್ರು, ಅವ್ರು ಹೇಳ್ಕೊಟ್ಟಿದ್ದು. ಮೀನಿಗೂ ಹಾಕ್ತಾರೆ. ಯಾಕೆ?"

"ಮೊದ್ಲು ಯಾಕೆ ಹೇಳ್ಲಿಲ್ಲ?" ಎಂದು ಪ್ರಶಾಂತ ದನಿ ಎತ್ತಿದ.

"ಕೇಳಿದ್ರೆ ತಾನೇ ಸಾರ್ ಹೇಳೋದು? ಈ ಅಮ್ಮ ಕೇಳಿದ್ದು ಹಚ್ಚಿದೀರಾ ಅಂತ. ಹಚ್ಚಿಲ್ಲ ಅಂದೆ. ವಾಟೆಹುಳಿ ಯಾರಾದ್ರೂ ಹಚ್ತಾರಾ, ಅದು ಒಣಗಿರೋ ಹೋಳು!"

ಒಳಗಿನಿಂದ ಮುಷ್ಟಿ ತುಂಬ ತಂದು ತೋರಿಸಿದಳು. ವಾಟೆ ಎಂಬ ಮರದ ಹುಳಿಹಣ್ಣನ್ನು ಹೋಳು ಮಾಡಿ ಬಿಸಿಲಿಗೆ ಒಣಗಿಸಿದ್ದು. ಮಲೆನಾಡಿನವರ ಅಡುಗೆಯ ಹುಳಿ. ನಮ್ಮ ಬಯಲುಸೀಮೆಯ ಯಾರೂ ಕಂಡಿರಲಾರರು. ಕಂದು ಬಣ್ಣದ, ಮುದುರಿದ, ಕಿವಿಯಂಥ ತುಂಡುಗಳು. ನಾನು ತಂದಿದ್ದ ಗುಲಾಬಿ ದ್ರವದ ಕೊಳವೆಯೊಂದಕ್ಕೆ ಅವಳೆದುರಿಗೇ ಆ ಹುಳಿನೀರಿನ ಒಂದು ಹನಿಯನ್ನು ಬಿಟ್ಟೆ. ಹಳದಿ. ನಿನ್ನೆಯದೇ ಹಳದಿ. ಸೆಲ್ವಿ ಕೊಳವೆಯನ್ನು ಕೈಗೆ ತೆಗೆದುಕೊಂಡು, ಬಾಗಿಲ ಬಿಸಿಲಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಳು.

"ಇಷ್ಟಕ್ಕಾ?" ಎಂದಳು. "ಒಂದು ಹುಳಿಗಾ?"

ಕೋಪದಲ್ಲಿ ಕೂಗಿದ್ದ ದನಿ ಈಗ ಕೂಗಲಿಲ್ಲ. ಅದು ನನಗೆ ಕೂಗಿಗಿಂತ ಕಷ್ಟವಾಯಿತು. ಪ್ರಶಾಂತನಿಗೆ ಅಲ್ಲಿಯೇ, ಅವಳ ಎದುರಿನಲ್ಲಿಯೇ ವ್ಯಾಪಾರಿಗೆ ಫೋನು ಮಾಡಲು ಹೇಳಿದೆ. ಹೊರಗೆ ಹೋಗಿ ಮಾತನಾಡುತ್ತೇನೆ ಎಂದ. ಬೇಡ, ಇಲ್ಲಿಯೇ ಎಂದೆ. ಮಾಡಿದ. "ನಮ್ಮ ಮೆಥಡ್‌ನಲ್ಲಿ ಸ್ವಲ್ಪ ಇದಾಯ್ತು," ಎಂದು ಶುರುಮಾಡಿದವನಿಗೆ, ಇದಾಯ್ತು ಎಂದರೆ ಏನಾಯಿತೆಂದು ಬಿಡಿಸಿ ಹೇಳು ಎಂದೆ. ಹೇಳಿದ: ಮಾಂಸದಲ್ಲಿ ವೈರಸ್ ಸಿಕ್ಕಿಲ್ಲ, ಹುಳಿಯಿಂದ ಬಣ್ಣ ತಿರುಗಿತ್ತು, ಶುದ್ಧಗೊಳಿಸುವ ಹಂತವನ್ನು ನಾವು ಬಿಟ್ಟಿದ್ದೆವು, ಆಕೆ ಸುಳ್ಳು ಹೇಳಿಲ್ಲ. ಸೆಲ್ವಿ ಪ್ರತಿ ವಾಕ್ಯಕ್ಕೂ ತಲೆಯಾಡಿಸುತ್ತಿದ್ದಳು, ಪಾಠ ಒಪ್ಪಿಸಿಕೊಳ್ಳುವ ಮೇಷ್ಟರಂತೆ. ವ್ಯಾಪಾರಿ ಒಪ್ಪಿದ. ಆದರೆ ಇನ್ನು ಮುಂದೆ ಹುಳಿಗೆ ಅದ್ದುವ ಮೊದಲಿನದೊಂದು, ಅದ್ದಿದ ಮೇಲಿನದೊಂದು, ಎರಡೂ ಮಾದರಿಗಳ ವರದಿ ಬೇಕೆಂದ. ಅದು ನ್ಯಾಯವೇ. ವೈರಸ್ ಸಿಗದಿದ್ದರೂ ಲಿವರನ್ನು ಚೆನ್ನಾಗಿ ಬೇಯಿಸಿಯೇ ತಿನ್ನಬೇಕು, ಅದನ್ನು ಪ್ಯಾಕೆಟ್ಟಿನ ಮೇಲೆ ಅಚ್ಚು ಹಾಕಿಸು ಎಂದು ಸೆಲ್ವಿಗೆ ನಾನೂ ಹೇಳಿದೆ. "ಅರೆಬೇಯಿಸಿ ತಿನ್ನೋಕೆ ನಾವೇನು ತ್ಯಾವರೆಕೊಪ್ಪದೋರಾ?" ಎಂದಳು. ಆಟೋದವನ ಮಾತು ಜಿಲ್ಲೆಯ ಆಸ್ತಿಯೆಂದು ಆಗ ತಿಳಿಯಿತು.

ಮಾಲು ಶನಿವಾರ ಹೋಯಿತು. ಕೇರಿಯ ಬಾಯಿಂದ ಕಾಮಾಲೆ ಅಷ್ಟು ಬೇಗ ಹೋಗಲಿಲ್ಲ. ಒಂದು ಫೋಟೋ ಮಧ್ಯಾಹ್ನದೊಳಗೆ ಊರು ಸುತ್ತುತ್ತದೆ, ಅದರ ತಿದ್ದುಪಡಿ ಕಾಲ್ನಡಿಗೆಯಲ್ಲಿ ಹೊರಡುತ್ತದೆ. ಪ್ರಶಾಂತ ಶುದ್ಧೀಕರಣದ ಹಂತವನ್ನು ಮರಳಿ ತಂದಿದ್ದಾನೆ. ಯಾರ ಮಾತಿನಿಂದ ತಂದದ್ದೆಂದು ಯಾರೆದುರಿಗೂ ಹೇಳಿದ್ದನ್ನು ಕೇಳಿಲ್ಲ. ಮೊನ್ನೆ ಪ್ರಯೋಗಾಲಯದ ಹೊಸ ಕೋಣೆ ತೆರೆದಾಗ "ಮೇಡಂ, ನೀವೇ ದೀಪ ಹಚ್ಬೇಕು" ಎಂದ. ಹಚ್ಚಿದೆ. ಕುರ್ಚಿಗೆ ಮರಳದೆ ಅಲ್ಲಿಯೇ ನಿಂತು, ಬಂದಿದ್ದವರಿಗೆ ವಾಟೆಹುಳಿಯ ಕಥೆಯನ್ನು ಆರಂಭದಿಂದ ಹೇಳಿದೆ. ಅವನು ಎರಡು ಸಲ ಗಡಿಯಾರ ನೋಡಿದ. ಮುಗಿಸುವವರೆಗೂ ನಿಲ್ಲಿಸಲಿಲ್ಲ.

ಈಗ ಯಾವ ಘಟಕದ ಬಾಗಿಲಿಗೆ ಹೋದರೂ ನಾನು ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳುತ್ತೇನೆ, ಒಮ್ಮೆ ನಮ್ಮೂರಿನಂತೆ, ಒಮ್ಮೆ ಇವರಂತೆ. ಎರಡೂ ಉತ್ತರಗಳನ್ನು ಪಡೆದ ಮೇಲೆಯೇ ಪೆಟ್ಟಿಗೆ ಮುಚ್ಚುತ್ತೇನೆ. "ಯಾವೂರಮ್ಮ ನಿಮ್ದು?" ಎನ್ನುತ್ತಾರೆ. ಗದಗ ಎಂದರೆ, "ಅದಕ್ಕೇ" ಎಂದು ನಗುತ್ತಾರೆ. ಯಾವುದಕ್ಕೆ ಎಂದು ಅವರು ಹೇಳುವುದಿಲ್ಲ.

ಹೋದ ವಾರ ತಂಗಿ ಗಿರಿಜಾ ಊರಿನಿಂದ ಫೋನು ಮಾಡಿದಳು. ಸೆಲ್ವಿ ಕೊಟ್ಟ ವಾಟೆಹುಳಿಯನ್ನು ಹಾಕಿ ಬೇಳೆ ಕುದಿಸುತ್ತ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಹಿಡಿದಿದ್ದೆ.

"ಏನ್ ಮಾಡಾಕತ್ತಿ ಅಕ್ಕಾ?"

"ಉಳ್ಳಾಗಡ್ಡಿ ಹಚ್ಚಾಕತ್ತೀನಿ," ಎಂದೆ.

"ಹಚ್ಚಾಕತ್ತಿ? ಎದಕ್ಕ? ಕಾಲು ಬಾತದೇನು?"

ಬಾತಿಲ್ಲ, ಕೊಯ್ಯುತ್ತಿದ್ದೇನೆ ಎಂದು ತಿದ್ದಿಕೊಂಡೆ. ಆ ಕಡೆಯಿಂದ ಅವಳ ನಗು, ಹಿಂದೆ ಸೊಸೆಯ ನಗು. "ಶಿವಮೊಗ್ಗದಾಕಿ ಆದಿ ಬಿಡು! ನಮ್ಮ ಭಾಷಾ ಮರತೀಯಲ್ಲ," ಎಂದಳು. ಅಲ್ಲ ಎನ್ನಲು ಬಾಯಿ ತೆರೆದೆ. ಕೆಳಗಿನಿಂದ ಶಾರದಮ್ಮ, ಬೇಳೆ ಸೀಯುವ ವಾಸನೆ ಬರ‍್ತಿದೆ, ನೋಡು ಮಾರಾಯ್ತಿ ಎಂದು ಕೂಗಿದರು. ಎರಡೂ ಕಡೆಗೆ ಒಟ್ಟಿಗೆ ಉತ್ತರ ಕೊಡಬೇಕಾಗಿತ್ತು. "ನೋಡ್ತೀನಿ, ತಡೀರಿ ಮಾರಾಯ್ರೇ," ಎಂದೆ. ಯಾರಿಗೆ ಹೇಳಿದೆ, ಯಾವ ಊರಿನ ಮಾತಿನಲ್ಲಿ ಹೇಳಿದೆ ಎಂಬುದನ್ನು ಗಿರಿಜಾ ಕೇಳಿಸಿಕೊಂಡಳು, ನಾನೂ ಕೇಳಿಸಿಕೊಂಡೆ. ಅವಳು ನಕ್ಕದ್ದನ್ನು ಮರೆಯುವುದಿಲ್ಲ. ಅರ್ಧ ಹೋಳಾದ ಉಳ್ಳಾಗಡ್ಡಿಯನ್ನು ಕೈಗೆ ತೆಗೆದುಕೊಂಡು, ಉಳಿದದ್ದನ್ನು ಹಚ್ಚಿ ಮುಗಿಸಿದೆ.